ಪೈನ್ ಹಲಗೆಯಲ್ಲಿ ಐದಡಿ ಪುಸ್ತಕದ ಕಪಾಟು: ಕೆಲಸದ ದಿನಚರಿ

ಪೈನ್ ಮೇಲೆ ಕೇಳಿಬರುವ ದೂರು ಮೂರು. ಹಲಗೆ ಡೊಂಕಾಗುತ್ತದೆ, ಸ್ಕ್ರೂ ಹಿಡಿತ ಬಿಡುತ್ತದೆ, ಪಾಲಿಷ್ ಹೊಡೆದರೆ ಮಚ್ಚೆ ಮಚ್ಚೆ ಏಳುತ್ತದೆ. ಮೂರೂ ನಿಜ. ಆದರೆ ಮೂರಕ್ಕೂ ಕಾರಣ ಒಂದೇ: ತೇಗಕ್ಕೆ ಒಗ್ಗಿದ ಕೈ ಪೈನನ್ನೂ ತೇಗದಂತೆಯೇ ಕೊಯ್ದು, ತೇಗದಂತೆಯೇ ಬಿಗಿದು, ತೇಗದ ಬಣ್ಣವನ್ನೇ ಬಳಿಯುತ್ತದೆ. ಪೈನ್‌ಗೆ ಅದರದೇ ಲೆಕ್ಕ ಇದೆ. ಆ ಲೆಕ್ಕ ಹಿಡಿದು ಒಂದು ಪುಸ್ತಕದ ಕಪಾಟು ಕಟ್ಟಿದ ವಿವರ ಇಲ್ಲಿದೆ. ಹೊರ ಅಳತೆ: ಎತ್ತರ 1500 ಮಿ.ಮೀ., ಅಗಲ 900, ಆಳ 240. ಐದು ಅಡ್ಡಹಲಗೆ, ಬೆನ್ನಿಗೆ 6 ಮಿ.ಮೀ. ಪ್ಲೈ. ಹಲಗೆ ತಂದ ದಿನದಿಂದ ಗೋಡೆಗೆ ನಿಲ್ಲಿಸುವವರೆಗೆ ಸುಮಾರು ನಾಲ್ಕು ವಾರ. ಅದರಲ್ಲಿ ಕೈಕೆಲಸ ಆರೇಳು ದಿನ, ಉಳಿದದ್ದು ಕಾಯುವುದು.

ಮರದ ಬಗ್ಗೆ ಮೊದಲು

ಪೈನ್ ಕರ್ನಾಟಕದ ಮರವಲ್ಲ. ಹಿಮಾಲಯದ ತಪ್ಪಲಿನಲ್ಲಿ ಚೀಡ್ ಪೈನ್ ಇದೆ, ಊಟಿ ಮತ್ತು ಕೊಡೈಕೆನಾಲ್‌ನಲ್ಲಿ ನೆಟ್ಟು ಬೆಳೆಸಿದ ತೋಪುಗಳಿವೆ. ನಮ್ಮ ಟಿಂಬರ್ ಡಿಪೋಗಳಲ್ಲಿ ಸಿಗುವುದು ಬಹುಪಾಲು ಹಡಗಿನಲ್ಲಿ ಬಂದ ಮರ. ನ್ಯೂಜಿಲೆಂಡ್‌ನ ರೇಡಿಯಾಟಾ ಪೈನ್, ಅಮೆರಿಕದ ಸದರ್ನ್ ಯೆಲ್ಲೋ ಪೈನ್, ಯುರೋಪಿನ ಪೈನ್ ಮತ್ತು ಸ್ಪ್ರೂಸ್. ಗುಜರಾತಿನ ಕಾಂಡ್ಲಾ ಬಂದರು ಮತ್ತು ಪಕ್ಕದ ಗಾಂಧಿಧಾಮದ ಮಿಲ್ಲುಗಳು ಈ ವ್ಯಾಪಾರದ ದೊಡ್ಡ ಬಾಗಿಲು. ಬೆಂಗಳೂರಿನಲ್ಲಿ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿಗೆ ಹೋದರೆ ಇವೆಲ್ಲವೂ 'ಪೈನ್' ಎಂಬ ಒಂದೇ ಹೆಸರಿನಲ್ಲಿ ಸಿಗುತ್ತವೆ. ಈ ಕಪಾಟಿಗೆ ಬಳಸಿದ್ದು ರೇಡಿಯಾಟಾ.

'ಮೆದುಮರ' ಎಂಬ ಹೆಸರು ಗಡಸುತನಕ್ಕೆ ಸಂಬಂಧಿಸಿದ್ದಲ್ಲ. ಸೂಜಿಯಂಥ ಎಲೆ ಬಿಡುವ, ಕಾಯಿಯ ಬದಲು ಶಂಕು ಕಟ್ಟುವ ಗುಂಪಿಗೆ ಆ ಹೆಸರು. ನಮ್ಮ ಬೂರುಗ ಶಾಸ್ತ್ರದ ಪ್ರಕಾರ ಗಟ್ಟಿಮರ, ಆದರೆ ಪೈನ್‌ಗಿಂತ ಹಗುರ, ಪೈನ್‌ಗಿಂತ ಮೆತ್ತಗೆ. ಕಾಫಿ ತೋಟದ ಸಿಲ್ವರ್ ಓಕ್ ಕೂಡ ಗಟ್ಟಿಮರದ ಗುಂಪಿನದೇ. ರೇಡಿಯಾಟಾ ಪೈನ್ 12% ತೇವದಲ್ಲಿ ಘನಮೀಟರಿಗೆ 500 ಕೆ.ಜಿ. ಆಸುಪಾಸು ತೂಗುತ್ತದೆ, ತೇಗ 650ರ ಆಸುಪಾಸು. ಗಡಸುತನ ತೇಗದ ಸುಮಾರು ಮೂರನೇ ಎರಡು ಭಾಗ.

ಈ ಸರಾಸರಿಗಿಂತ ಮುಖ್ಯವಾದದ್ದು ಉಂಗುರದೊಳಗಿನ ವ್ಯತ್ಯಾಸ. ಹಲಗೆಯ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಪ್ರತಿ ಉಂಗುರದಲ್ಲೂ ಒಂದು ಅಗಲವಾದ ಬಿಳಿಚು ಪಟ್ಟಿ, ಅದಕ್ಕೆ ಅಂಟಿಕೊಂಡು ಒಂದು ತೆಳ್ಳನೆಯ ಕಂದು ಗೆರೆ ಕಾಣುತ್ತದೆ. ಬಿಳಿಚು ಪಟ್ಟಿ ಮರ ಭರದಿಂದ ಬೆಳೆಯುವ ವಸಂತದ್ದು, ಉಗುರು ಒತ್ತಿದರೆ ಇಳಿಯುತ್ತದೆ. ಕಂದು ಗೆರೆ ಬೆಳವಣಿಗೆ ನಿಧಾನವಾದ ಕಾಲದ್ದು, ಅಲ್ಲಿ ಉಗುರು ಜಾರುತ್ತದೆ. ಮುಂದೆ ಬರುವ ತೊಂದರೆಗಳಲ್ಲಿ ಹೆಚ್ಚಿನವು, ಪಾಲಿಷ್ ಮಚ್ಚೆ, ಅಲೆಯಾಗಿ ಸವೆಯುವ ಮೈ, ಉಳಿಯ ಬಾಯಿಗೆ ಪುಡಿಯಾಗುವ ಕಚ್ಚು (ಹಲಗೆ ಕೂರಿಸಲು ಕೊರೆದ ತೋಡು), ಈ ಎರಡು ಪಟ್ಟಿಗಳ ನಡುವಿನ ವ್ಯತ್ಯಾಸದಿಂದಲೇ ಹುಟ್ಟುತ್ತವೆ.

ದಿನ 1: ಖರೀದಿ

ಪಕ್ಕದ ಹಲಗೆ ಎರಡು: 1500 × 240 × 20 ಮಿ.ಮೀ. ಅಡ್ಡಹಲಗೆ ಐದು: 872 × 212 × 20. ಅಡ್ಡಹಲಗೆಯ ಮುಂಭಾಗಕ್ಕೆ ಅಂಚುಪಟ್ಟಿ ಐದು: 860 × 40 × 20. ಕೆಳಗಿನ ಪಾದಪಟ್ಟಿ ಒಂದು: 860 × 60 × 20. ಪ್ಲೈ 1390 × 878.

ಇದಕ್ಕೆ 8 ಅಡಿ ಉದ್ದ, 4 ಇಂಚು ಅಗಲ, 1 ಇಂಚು ದಪ್ಪದ ಹಲಗೆ 12 ಬೇಕು. ಡಿಪೋ ಲೆಕ್ಕ ಹೀಗೆ: ಅಡಿಯಲ್ಲಿ ಉದ್ದ × ಇಂಚಿನಲ್ಲಿ ಅಗಲ × ಇಂಚಿನಲ್ಲಿ ದಪ್ಪ ÷ 144. ಒಂದು ಹಲಗೆಗೆ 0.222 ಸಿಎಫ್‌ಟಿ (ಘನ ಅಡಿ), ಹನ್ನೆರಡಕ್ಕೆ 2.67. ಕಪಾಟಿನಲ್ಲಿ ಕೊನೆಗೆ ಉಳಿಯುವ ಮರ 1.32 ಸಿಎಫ್‌ಟಿ ಮಾತ್ರ. ಅರ್ಧದಷ್ಟು ಹಲಗೆಯ ಮೈ ಹೆರೆಯುವ ತೋಪಡದ ಹೊಟ್ಟು, ಗರಗಸದ ಪುಡಿ, ತುಂಡು ತುಣುಕಿಗೆ ಹೋಗುತ್ತದೆ. ಇದು ಸಾಮಾನ್ಯ, ಬೆಲೆ ಕೇಳುವಾಗಲೇ ಈ ಲೆಕ್ಕ ತಲೆಯಲ್ಲಿರಲಿ. '1 ಇಂಚು' ಎಂದು ಮಾರುವ ಹಲಗೆ 22–23 ಮಿ.ಮೀ. ಇರುವುದೂ ಉಂಟು. ಟೇಪು ಹಿಡಿದೇ ತೆಗೆದುಕೊಳ್ಳಿ, 23ಕ್ಕಿಂತ ಕಡಿಮೆಯಾದರೆ 20ಕ್ಕೆ ತರುವಾಗ ಡೊಂಕು ತೆಗೆಯಲು ಜಾಗ ಉಳಿಯುವುದಿಲ್ಲ.

ಆರಿಸುವಾಗ ನೋಡಬೇಕಾದದ್ದು ಮೊದಲು ತುದಿ, ಆಮೇಲೆ ಮುಖ. ತುದಿಯಲ್ಲಿ ಉಂಗುರಗಳ ನಟ್ಟನಡು, ಅಂದರೆ ಮರದ ತಿರುಳಿನ ಚುಕ್ಕೆ ಕಂಡರೆ ಆ ಹಲಗೆ ಬೇಡ. ರೇಡಿಯಾಟಾ ತೋಪಿನಲ್ಲಿ ಬೇಗ ಬೆಳೆದ ಮರ. ತಿರುಳಿನ ಸುತ್ತಲಿನ ಮೊದಲ ಹತ್ತು ಉಂಗುರಗಳಲ್ಲಿ ಮರದ ನಾರಿನ ಎಳೆ ಸುರುಳಿಯಾಗಿ ಏರಿರುತ್ತದೆ, ಉದ್ದಕ್ಕೂ ಕುಗ್ಗುತ್ತದೆ. ಒಣಗಿದಂತೆ ಹಲಗೆ ಒದ್ದೆ ಬಟ್ಟೆ ಹಿಂಡಿದಂತೆ ತಿರುಚುತ್ತದೆ, ಯಾವ ಕ್ಲಾಂಪೂ ಅದನ್ನು ತಡೆಯಲಾರದು.

ಗಂಟುಗಳಲ್ಲಿ ಎರಡು ಜಾತಿ. ಸುತ್ತಲಿನ ಮರದೊಂದಿಗೆ ಬೆಸೆದ ಕೆಂಗಂದು ಗಂಟು ಗಟ್ಟಿ, ಅದು ಇರಬಹುದು. ಸುತ್ತ ಕಪ್ಪು ಉಂಗುರವಿರುವುದು ಸತ್ತ ಕೊಂಬೆಯ ಗಂಟು, ಒಂದು ದಿನ ಉದುರಿ ತೂತು ಬಿಡುತ್ತದೆ. ಅಡ್ಡಹಲಗೆಯ ನಡುಭಾಗದಲ್ಲಿ, ಅಂಚಿಗೆ ತಾಗಿದಂತೆ ಯಾವ ಗಂಟೂ ಬರದಂತೆ ತುಂಡು ಗುರುತಿಸಿಕೊಳ್ಳಿ. ಬೂದು ನೀಲಿ ಕಲೆ ಕಂಡರೆ ಅದು ಒದ್ದೆ ಇದ್ದಾಗ ಹಿಡಿದ ಶಿಲೀಂಧ್ರದ ಬಣ್ಣ. ಬಲ ಹೆಚ್ಚೇನೂ ಕುಂದುವುದಿಲ್ಲ, ಆದರೆ ಕಲೆ ಆಳಕ್ಕೆ ಇಳಿದಿರುತ್ತದೆ, ತೋಪಡ ಹೊಡೆದರೂ ಹೋಗುವುದಿಲ್ಲ. ಬಣ್ಣ ಬಳಿಯುವ ಕೆಲಸಕ್ಕೆ ಅಡ್ಡಿಯಿಲ್ಲ, ಮರದ ಮೈ ಕಾಣುವ ಕೆಲಸಕ್ಕೆ ಬೇಡ.

ಪ್ಯಾಲೆಟ್ ಒಡೆದ ಮರದಲ್ಲೂ ಇದೇ ಕಪಾಟು ಆಗುತ್ತದೆ. ಆಗ ಪ್ಯಾಲೆಟ್ ಮೇಲಿನ ಗೋಧಿ ತೆನೆಯ ಮುದ್ರೆ ಹುಡುಕಿ. 'ಎಚ್‌ಟಿ' ಎಂದಿದ್ದರೆ ಮರದ ಒಳಭಾಗವನ್ನು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿದ್ದಾರೆ ಎಂದರ್ಥ, ಅದು ಸರಿ. 'ಎಂಬಿ' ಎಂದಿದ್ದರೆ ಮೀಥೈಲ್ ಬ್ರೋಮೈಡ್ ಹೊಗೆ ಹಾಕಿದ್ದು, ಮನೆಯೊಳಗಿನ ಕೆಲಸಕ್ಕೆ ಬೇಡ. ಎಣ್ಣೆ, ರಾಸಾಯನಿಕದ ಕಲೆ ಇರುವುದನ್ನು ಮುದ್ರೆ ಏನೇ ಇದ್ದರೂ ಮುಟ್ಟಬೇಡಿ. ಎಚ್‌ಟಿ ಎಂದರೆ ಹುಳ ಸತ್ತಿದೆ ಎಂದಷ್ಟೇ, ಮರ ಒಣಗಿದೆ ಎಂದಲ್ಲ.

ದಿನ 1 ರಿಂದ 11: ಒಣಗಲು ಬಿಟ್ಟದ್ದು

ತೇವ ಅಳೆಯುವ ಮೀಟರ್ ಇಲ್ಲದಿದ್ದರೆ ಅಡುಗೆಮನೆಯ ತಕ್ಕಡಿ ಸಾಕು. ಹಲಗೆಯ ತುದಿಯಿಂದ ಒಂದು ಅಡಿ ಒಳಗೆ ಒಂದು ತುಂಡು ಕೊಯ್ಯಿರಿ. ತುದಿ ಬೇಗ ಒಣಗಿರುತ್ತದೆ, ಅಲ್ಲಿನ ಲೆಕ್ಕ ಸುಳ್ಳು ಹೇಳುತ್ತದೆ. ತುಂಡನ್ನು ತೂಗಿ, ಓವನ್‌ನಲ್ಲಿ 103 ಡಿಗ್ರಿಗೆ ಇಟ್ಟು, ಎರಡು ಬಾರಿ ತೂಗಿದಾಗ ಒಂದೇ ತೂಕ ಬರುವವರೆಗೆ ಒಣಗಿಸಿ. ನಮ್ಮ ತುಂಡು 186 ಗ್ರಾಂ ಇದ್ದದ್ದು 162ಕ್ಕೆ ನಿಂತಿತು. ಹೋದ ನೀರು 24 ಗ್ರಾಂ, ಅದನ್ನು ಒಣ ತೂಕದಿಂದ ಭಾಗಿಸಿದರೆ 14.8%. ಬೆಂಗಳೂರಿನ ಮನೆಯೊಳಗೆ ಮರ ಕೊನೆಗೆ ನಿಲ್ಲುವುದು 10–12%ರಲ್ಲಿ. ಮಂಗಳೂರಿನ ಮಳೆಗಾಲದಲ್ಲಿ ಇದು ಇನ್ನೂ ಮೇಲಕ್ಕೇರುತ್ತದೆ, ಅಲ್ಲಿ 14–15% ಇರುವ ಹಲಗೆಯಲ್ಲೇ ಕೆಲಸ ಶುರು ಮಾಡಬಹುದು.

ಹಲಗೆಗಳನ್ನು ಕಪಾಟು ನಿಲ್ಲುವ ಕೋಣೆಯಲ್ಲೇ ಒಂದರ ಮೇಲೊಂದು ಇಟ್ಟು, ನಡುವೆ 18 ಮಿ.ಮೀ. ದಪ್ಪದ ರೀಪು ಕೊಟ್ಟೆವು, 400 ಮಿ.ಮೀ.ಗೆ ಒಂದರಂತೆ. ಮೇಲಿನ ರೀಪು ಕೆಳಗಿನ ರೀಪಿನ ನೇರಕ್ಕೇ ಬರಬೇಕು, ಇಲ್ಲದಿದ್ದರೆ ಮೇಲಿನ ಭಾರವೇ ಹಲಗೆಯನ್ನು ಬಗ್ಗಿಸುತ್ತದೆ. ಮೇಲೆ ಎರಡು ಸಿಮೆಂಟ್ ಇಟ್ಟಿಗೆ. ಹತ್ತು ದಿನದ ನಂತರ 12%. ಹನ್ನೆರಡರಲ್ಲಿ ಒಂದು ಹಲಗೆ ತಿರುಚಿತು. ತೆಗೆದು ನೋಡಿದರೆ ಒಂದು ತುದಿಯಲ್ಲಿ ಕಾಣದ ತಿರುಳು ಇನ್ನೊಂದು ತುದಿಯಲ್ಲಿ ಇತ್ತು. ಎರಡೂ ತುದಿ ನೋಡಿ ಎಂದು ಹೇಳುವುದು ಇದಕ್ಕೇ. ಹನ್ನೊಂದರಲ್ಲೇ ಕೆಲಸ ಮುಗಿಯುತ್ತದೆ, ಹನ್ನೆರಡನೆಯದು ಇಂಥದಕ್ಕಾಗಿಯೇ ತಂದದ್ದು.

ದಿನ 12: ತುಂಡು ಮತ್ತು ತೋಪಡ

ಆರು ಹಲಗೆಗಳಿಂದ ತಲಾ ಒಂದು 1520 ಮಿ.ಮೀ. ತುಂಡು, ಒಂದು 890 ತುಂಡು. ಉಳಿದ ಐದರಿಂದ ತಲಾ ಎರಡು 890. ಅಲ್ಲಿಗೆ ಪಕ್ಕದ ಹಲಗೆಗೆ ಆರು ಪಟ್ಟಿ, ಅಡ್ಡಹಲಗೆಗೆ ಹದಿನೈದು, ಒಂದು ಹೆಚ್ಚಿನ ಪಟ್ಟಿ ಪಾದಪಟ್ಟಿಗೆ.

ತೋಪಡದ ಅಲಗು ಕೂದಲು ಬೋಳಿಸುವಷ್ಟು ಚೂಪಾಗಿರಬೇಕು. ತೇಗದಲ್ಲಿ ಮೊಂಡು ಅಲಗು ಕೈಗೆ ಕೂಡಲೇ ತಿಳಿಯುತ್ತದೆ, ಪೈನ್‌ನಲ್ಲಿ ಅದು ತಿಳಿಯದೆ ಕೆಲಸ ಸಾಗಿದಂತೆ ಅನಿಸುತ್ತದೆ. ನಿಜದಲ್ಲಿ ಅಲಗು ಮೆತ್ತಗಿನ ಬಿಳಿ ಪಟ್ಟಿಯನ್ನು ಕತ್ತರಿಸದೆ ಅದುಮಿರುತ್ತದೆ. ಆಮೇಲೆ ನೀರಿನಂಶದ ಪಾಲಿಷ್ ತಾಗಿದ ಕೂಡಲೇ ಅದುಮಿದ ಪಟ್ಟಿಗಳು ಉಬ್ಬಿ, ನುಣುಪಾಗಿದ್ದ ಮೈ ಕೈಗೆ ಗೆರೆ ಗೆರೆಯಾಗಿ ಸಿಗುತ್ತದೆ. ಚೂಪು ಪರೀಕ್ಷಿಸಲು ಪೈನ್‌ನ ತುದಿಗಿಂತ ಒಳ್ಳೆಯ ಜಾಗವಿಲ್ಲ. ಉಳಿಯನ್ನು ಕೈಯಿಂದಲೇ ಒತ್ತಿ ತುದಿಯ ಒಂದು ತೆಳು ಪದರ ಸೀಳಿ. ಕೊಯ್ದ ಜಾಗ ಮೇಣ ಸವರಿದಂತೆ ಹೊಳೆದರೆ ಅಲಗು ಸರಿಯಿದೆ. ಬಿಳಿ ಪಟ್ಟಿಗಳು ರವೆಯಂತೆ ಉದುರಿ ಸಣ್ಣ ಗುಳಿ ಬಿದ್ದರೆ ಸಾಣೆಕಲ್ಲಿಗೆ ಹೋಗಿ.

ಎಲ್ಲ ಪಟ್ಟಿಗಳನ್ನೂ 22 ಮಿ.ಮೀ.ಗೆ ತಂದು, ಅಂಚನ್ನು ನೇರ ಮಾಡಿದ ಮೇಲೆ ಅಗಲ ಸುಮಾರು 92 ಉಳಿಯಿತು. ಗಂಟಿನ ಸುತ್ತ ಎಳೆ ದಿಕ್ಕು ಬದಲಿಸುತ್ತದೆ, ಅಲ್ಲಿ ಮರ ಕಿತ್ತು ಬರುತ್ತದೆ. ತೋಪಡವನ್ನು ಓರೆ ಹಿಡಿದು, 0.1 ಮಿ.ಮೀ.ಗಿಂತ ತೆಳುವಾಗಿ ತೆಗೆಯಿರಿ. ರಾಳ ಅಂಟಿ ತೋಪಡದ ಅಡಿ ಎಳೆಯತೊಡಗಿದರೆ ಟರ್ಪೆಂಟೈನ್ ಅದ್ದಿದ ಬಟ್ಟೆಯಿಂದ ಒರೆಸಿ, ಮೇಣದ ಬತ್ತಿಯ ಒಂದು ಗೆರೆ ಎಳೆಯಿರಿ.

ದಿನ 13 ರಿಂದ 15: ಅಂಟಿಸಿ ಅಗಲ ಮಾಡಿದ್ದು

ಪಟ್ಟಿ ಒಣಗಿದಾಗ ತೊಗಟೆಯ ಕಡೆಗೆ ಬಟ್ಟಲಾಗುತ್ತದೆ. ಮೂರು ಪಟ್ಟಿ ಜೋಡಿಸುವಾಗ ನಡುವಿನದನ್ನು ಮಗುಚಿ ಹಾಕಿದರೆ ಒಂದರ ಬಾಗು ಇನ್ನೊಂದಕ್ಕೆ ಎದುರಾಗುತ್ತದೆ. ಆದರೆ ಮುಂಭಾಗಕ್ಕೆ ಚೆಂದದ ಮೈ ಬರುವುದು ಅದಕ್ಕಿಂತ ಮುಖ್ಯ. ಮರ ಚೆನ್ನಾಗಿ ಒಣಗಿದ್ದರೆ ಈ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಬಿಳಿ ಪಿವಿಎ ಅಂಟು ಸಾಕು. ಒಟ್ಟು ಅಂಟಿನ ಮೈ ಸುಮಾರು 0.33 ಚದರ ಮೀಟರ್, ಚದರ ಮೀಟರಿಗೆ 200 ಗ್ರಾಂ ಹಿಡಿದರೆ 66 ಗ್ರಾಂ. ಕಾಲು ಕಿಲೋ ಬಾಟಲಿ ಎಲ್ಲ ಕೆಲಸಕ್ಕೂ ಆಗುತ್ತದೆ. ಅಡ್ಡಹಲಗೆಗೆ ನಾಲ್ಕು ಕ್ಲಾಂಪ್, ಪಕ್ಕದ ಹಲಗೆಗೆ ಏಳು, ಒಂದು ಮೇಲಿನಿಂದ ಒಂದು ಕೆಳಗಿನಿಂದ. ಎಲ್ಲವನ್ನೂ ಒಂದೇ ಕಡೆಯಿಂದ ಹಾಕಿದರೆ ಹಲಗೆ ಕಮಾನಾಗುತ್ತದೆ. ಬಿಗಿತ ಎಷ್ಟು ಎಂಬುದನ್ನು ಕೂಡು ಗೆರೆಯೇ ತೋರಿಸುತ್ತದೆ. ಅಂಟು ಸಾಸಿವೆ ಕಾಳಿನಷ್ಟು ಹನಿಗಳಾಗಿ ಸಾಲಾಗಿ ಮೂಡಿದರೆ ಅಲ್ಲಿಗೆ ನಿಲ್ಲಿಸಿ. ಧಾರೆಯಾಗಿ ಸುರಿಯಿತೆಂದರೆ ಬಿಗಿ ಹೆಚ್ಚಾಯಿತು ಅಥವಾ ಅಂಟು ಹೆಚ್ಚಾಯಿತು. ಪೈನ್ ಮೆತ್ತಗಿರುವುದರಿಂದ ಹೆಚ್ಚು ಬಿಗಿದರೆ ಅಂಚು ಜಜ್ಜಿ ಅಂಟೆಲ್ಲ ಹೊರಬಂದು ಕೂಡು ಬಡವಾಗುತ್ತದೆ. ಕ್ಲಾಂಪಿನ ಬಾಯಿಗೆ ಪ್ಲೈ ತುಂಡು ಕೊಡದಿದ್ದರೆ ಅದರ ಗುರುತೂ ಉಳಿಯುತ್ತದೆ.

ಒಂದು ಗಂಟೆಗೆ ಕ್ಲಾಂಪ್ ಬಿಚ್ಚಬಹುದು, ಆದರೆ ತೋಪಡ ಮುಟ್ಟಬೇಡಿ. ಅಂಟಿನ ನೀರು ಕುಡಿದು ಕೂಡಿನ ಎರಡೂ ಬದಿ ಉಬ್ಬಿರುತ್ತದೆ. ಉಬ್ಬಿದ್ದನ್ನು ಆಗಲೇ ಸಮ ಮಾಡಿದರೆ, ವಾರದ ನಂತರ ಆ ಜಾಗ ಒಣಗಿ ಕುಗ್ಗಿ, ಪ್ರತಿ ಕೂಡಿನ ಮೇಲೂ ತಗ್ಗು ಗೆರೆ ಬೀಳುತ್ತದೆ. ಎರಡು ದಿನ ಬಿಟ್ಟೇ 20 ಮಿ.ಮೀ.ಗೆ ತಂದದ್ದು.

ಅಡ್ಡಹಲಗೆಯ ಅಗಲ 276 ಬಂದಿರುತ್ತದೆ, 212ಕ್ಕೆ ಕೊಯ್ದರೆ 61 ಮಿ.ಮೀ. ಪಟ್ಟಿ ಉಳಿಯುತ್ತದೆ. ಅದೇ ಆ ಹಲಗೆಯ ಅಂಚುಪಟ್ಟಿ. ಒಂದೇ ಮರದ್ದಾದ್ದರಿಂದ ಬಣ್ಣವೂ ಹೊಂದುತ್ತದೆ.

ಅಂಚುಪಟ್ಟಿ ಏಕೆ ಬೇಕು

ಪುಸ್ತಕ ಮೀಟರಿಗೆ 25–30 ಕೆ.ಜಿ. ಬರುತ್ತದೆ. 860 ಮಿ.ಮೀ. ಅಂತರಕ್ಕೆ 20 ಮಿ.ಮೀ. ದಪ್ಪ, 232 ಅಗಲದ ಪೈನ್ ಹಲಗೆ, 30 ಕೆ.ಜಿ. ಲೆಕ್ಕದಲ್ಲಿ ನಡುವೆ 1.5 ಮಿ.ಮೀ. ಬಾಗುತ್ತದೆ. ಅದು ಮೊದಲ ದಿನದ ಬಾಗು. ಮರ ಭಾರ ಹೊತ್ತು ನಿಂತಂತೆ ಮೆಲ್ಲಗೆ ಸೋಲುತ್ತದೆ, ವರ್ಷಗಳಲ್ಲಿ ಬಾಗು ಎರಡರಷ್ಟಾಗುವುದೆಂದು ಹಿಡಿಯಬೇಕು. 3 ಮಿ.ಮೀ. ಬಾಗು ದೂರದಿಂದಲೇ ಕಣ್ಣಿಗೆ ಬೀಳುತ್ತದೆ. 40 ಮಿ.ಮೀ. ಎತ್ತರದ ಅಂಚುಪಟ್ಟಿಯನ್ನು ಮುಂಭಾಗಕ್ಕೆ, ಮೇಲ್ಮೈ ಸಮನಾಗಿ, 20 ಮಿ.ಮೀ. ಕೆಳಗೆ ಇಳಿಯುವಂತೆ ಅಂಟಿಸಿದರೆ ಮೊದಲ ಬಾಗು 0.75ಕ್ಕೆ ಇಳಿಯುತ್ತದೆ. ದಪ್ಪ ಹಲಗೆ ಕೊಳ್ಳುವ ಬದಲು ತುಂಡಿನಿಂದಲೇ ಅರ್ಧ ಬಾಗು ಕಳೆದಂತಾಯಿತು. ಹಿಂಭಾಗವನ್ನು ಪ್ಲೈ ಹಿಡಿದುಕೊಳ್ಳುತ್ತದೆ.

ದಿನ 16 ಮತ್ತು 17: ಕಚ್ಚು

ಪಕ್ಕದ ಹಲಗೆಯ ಒಳಮೈಯಲ್ಲಿ ಅಡ್ಡಹಲಗೆ ಕೂರಲು 6 ಮಿ.ಮೀ. ಆಳದ ಕಚ್ಚು. ನೆಲದಿಂದ ಕಚ್ಚಿನ ಕೆಳಗೆರೆ 80, 460, 810, 1140, 1450 ಮಿ.ಮೀ. ಅಂತರ ಕೆಳಗಿನಿಂದ ಮೇಲಕ್ಕೆ 360, 330, 310, 290. ಅಂಚುಪಟ್ಟಿ 20 ಇಳಿಯುವುದರಿಂದ ಪುಸ್ತಕಕ್ಕೆ ಸಿಗುವುದು ಅದಕ್ಕಿಂತ 20 ಕಡಿಮೆ, ಡೆಮಿ ಅಳತೆಯ ಪುಸ್ತಕ ಎಲ್ಲ ಅಂತಸ್ತಿನಲ್ಲೂ ನಿಲ್ಲುತ್ತದೆ.

ಮೇಲಿನ ಅಡ್ಡಹಲಗೆಯನ್ನು ಪಕ್ಕದ ಹಲಗೆಯ ತುದಿಗೆ ಸಮ ಮಾಡದೆ 30 ಮಿ.ಮೀ. ಕೆಳಗಿಟ್ಟದ್ದಕ್ಕೆ ಕಾರಣ ಇದೆ. ಕಚ್ಚಿನ ಮೇಲೆ ಉಳಿಯುವ ಮರದಲ್ಲಿ ಎಳೆಯ ಉದ್ದ ಅಷ್ಟೇ. 10–12 ಮಿ.ಮೀ. ಬಿಟ್ಟರೆ ಕೊಡತಿಯಿಂದ ಹಲಗೆ ಕೂರಿಸುವಾಗ ಆ ತುಂಡು ಬಿಸ್ಕತ್ತಿನಂತೆ ಮುರಿದು ಬರುತ್ತದೆ. ತೇಗ ತಾಳಿಕೊಂಡೀತು, ಪೈನ್ ತಾಳುವುದಿಲ್ಲ.

ಕಚ್ಚಿನ ಅಗಲವನ್ನು ಟೇಪಿನಿಂದ ಅಳೆಯಬೇಡಿ. ಅಡ್ಡಹಲಗೆಗೆ ಮೊದಲೇ 120ರ ಸ್ಯಾಂಡ್ ಪೇಪರ್ ಹೊಡೆದು ಮುಗಿಸಿ, ಆ ಹಲಗೆಯನ್ನೇ ನಿಲ್ಲಿಸಿ ಎರಡೂ ಬದಿ ಚಾಕುವಿನಿಂದ ಗೆರೆ ಎಳೆಯಿರಿ. ಕಚ್ಚು ಕೊಯ್ದ ಮೇಲೆ ಹಲಗೆ ಉಜ್ಜಿದರೆ 0.3 ಮಿ.ಮೀ. ಹೋಗಿ ಸಡಿಲವಾಗುತ್ತದೆ. ಪೆನ್ಸಿಲ್ ಗೆರೆ ಬೇಡ. ಎಳೆಗೆ ಅಡ್ಡಲಾಗಿ ಕೊಯ್ಯುವಾಗ ಮೇಲ್ಮೈಯ ಬಿಳಿ ಪಟ್ಟಿ ಸಿಬಿರಾಗಿ ಏಳುತ್ತದೆ, ಚಾಕುವಿನ ಗೆರೆ ಅದನ್ನು ಮೊದಲೇ ಕತ್ತರಿಸಿಟ್ಟಿರುತ್ತದೆ. ಕಚ್ಚು ಕೊರೆಯುವ ರೂಟರ್ ಯಂತ್ರಕ್ಕೆ 12 ಮಿ.ಮೀ. ಬಿಟ್ (ತಿರುಗುವ ಅಲಗು), 3 ಮಿ.ಮೀ.ಯಂತೆ ಎರಡು ಸಲ. ಬಿಟ್ ಹೊರಬೀಳುವ ಹಿಂದಿನ ಅಂಚಿಗೆ ಒಂದು ರದ್ದಿ ತುಂಡು ಬಿಗಿದರೆ ಅಲ್ಲಿ ಚಕ್ಕೆ ಏಳುವುದಿಲ್ಲ.

ಕಚ್ಚು ಮುಂದಿನ ಅಂಚಿಗೆ 20 ಮಿ.ಮೀ. ಇರುವಾಗಲೇ ನಿಲ್ಲಬೇಕು, ಅಲ್ಲಿ ಅಂಚುಪಟ್ಟಿ ಬರುತ್ತದೆ. ರೂಟರ್ ಬಿಟ್ಟ ಗುಂಡು ಮೂಲೆಯನ್ನು ಉಳಿಯಿಂದ ಚೌಕ ಮಾಡಿ. ಹಿಂದಿನ ಒಳ ಅಂಚಿನಲ್ಲಿ ಪ್ಲೈ ಕೂರಲು 10 ಮಿ.ಮೀ. ಅಗಲ, 8 ಆಳದ ಮೆಟ್ಟಿಲು. ಇಡೀ ಕಟ್ಟಿನಲ್ಲಿ ಪಕ್ಕದ ಹಲಗೆ ಮತ್ತು ಅಡ್ಡಹಲಗೆ ಎರಡೂ ಆಳದ ದಿಕ್ಕಿನಲ್ಲೇ ಹಿಗ್ಗಿ ಕುಗ್ಗುತ್ತವೆ. ರೇಡಿಯಾಟಾ ಹಲಗೆ ತೇವ 1% ಬದಲಾದರೆ ಅಗಲದಲ್ಲಿ ಸುಮಾರು 0.24% ಬದಲಾಗುತ್ತದೆ. ಬೇಸಿಗೆಗೂ ಮಳೆಗಾಲಕ್ಕೂ 4% ವ್ಯತ್ಯಾಸ ಹಿಡಿದರೆ 240 ಮಿ.ಮೀ.ಗೆ 2.3 ಮಿ.ಮೀ. ಎರಡೂ ಒಟ್ಟಿಗೆ ಚಲಿಸುವುದರಿಂದ ಕಚ್ಚಿನ ಉದ್ದಕ್ಕೂ ಅಂಟು ಹಾಕಬಹುದು. ಇದೇ ಪಕ್ಕದ ಹಲಗೆಗೆ ಅಡ್ಡಲಾಗಿ ಒಂದು ರೀಪು ಅಂಟಿಸಿ ಸ್ಕ್ರೂ ಬಿಗಿದು, ಅದರ ಮೇಲೆ ಅಡ್ಡಹಲಗೆ ಇಟ್ಟಿದ್ದರೆ, ರೀಪಿನ ಉದ್ದ ಕುಗ್ಗುವುದಿಲ್ಲ, ಹಲಗೆ ಕುಗ್ಗುತ್ತದೆ, ನಡುವೆ ಸೀಳು ಬೀಳುತ್ತದೆ. ಪೈನ್ ಕಪಾಟುಗಳ ಪಕ್ಕದಲ್ಲಿ ಕಾಣುವ ಉದ್ದ ಬಿರುಕಿಗೆ ಬಹುತೇಕ ಇದೇ ಕಾರಣ.

ದಿನ 18: ಜೋಡಣೆ

ಅಡ್ಡಹಲಗೆಯ ತುದಿಗೆ ಅಂಟು ಹೆಚ್ಚು ಹಿಡಿಯುವುದಿಲ್ಲ, ಅದು ಹೀರಿಕೊಳ್ಳುತ್ತದೆ. ಸ್ಕ್ರೂ ಕೂಡ ತುದಿಯ ಎಳೆಯಲ್ಲಿ ಸಡಿಲ. ಅದಕ್ಕೆ ಪ್ರತಿ ಕೂಡಿಗೂ 8 × 60 ಮಿ.ಮೀ. ಗಟ್ಟಿಮರದ ಗೂಟ ಮೂರು, ಒಟ್ಟು 30. ತುದಿಗೆ ಮೊದಲು ತೆಳು ಅಂಟು ಹಚ್ಚಿ ಐದು ನಿಮಿಷ ಬಿಟ್ಟು, ಮತ್ತೊಂದು ಸಲ ಹಚ್ಚಿ ಕೂರಿಸಿ. ಕ್ಲಾಂಪ್ ಬಿಗಿದ ಮೇಲೆ ಹೊರಗಿನಿಂದ ಕಚ್ಚಿನ ನಡುಗೆರೆಯಲ್ಲಿ 8 ಮಿ.ಮೀ. ತೂತು ಕೊರೆದು ಗೂಟ ಹೊಡೆಯಿರಿ. 14 ಮಿ.ಮೀ. ಪಕ್ಕದ ಹಲಗೆಯಲ್ಲಿ, 46 ಅಡ್ಡಹಲಗೆಯೊಳಗೆ. ಗೂಟದ ಮೈಗೆ ಗೀರು ಇರಲಿ. ಇಲ್ಲದಿದ್ದರೆ ತೂತಿನ ತಳದ ಅಂಟು ಹೊರಬರಲು ದಾರಿಯಿಲ್ಲದೆ ಹಲಗೆಯನ್ನೇ ಸೀಳುತ್ತದೆ.

ಅಂಟು ಹಸಿ ಇರುವಾಗಲೇ ಮೂಲೆಯಿಂದ ಮೂಲೆಗೆ ಅಳೆಯಿರಿ. 1500 × 900ಕ್ಕೆ ಎರಡೂ ಕರ್ಣ 1749 ಬರಬೇಕು, ವ್ಯತ್ಯಾಸ 2 ಮಿ.ಮೀ. ಒಳಗಿರಲಿ. ಮೊದಲ ಅಳತೆಯಲ್ಲಿ 5 ಮಿ.ಮೀ. ವ್ಯತ್ಯಾಸ ಬಂತು, ಉದ್ದ ಕರ್ಣಕ್ಕೆ ಒಂದು ಕ್ಲಾಂಪ್ ಕೊಟ್ಟು ಎಳೆದದ್ದಕ್ಕೆ ಸರಿಯಾಯಿತು.

ಇಷ್ಟರಲ್ಲಿ ಪಕ್ಕದ ಹಲಗೆಗೆ ಸುತ್ತಿಗೆ ತಾಗಿ ಒಂದು ಗುಳಿ ಬಿದ್ದಿತ್ತು, ಸುಮಾರು 2 ಮಿ.ಮೀ. ಆಳ. ಎಳೆ ಕತ್ತರಿಸದೆ ಬರಿದೆ ಅದುಮಿದ್ದರೆ ಪುಟ್ಟಿ ಬೇಡ. ಗುಳಿಗೆ ನಾಲ್ಕು ಹನಿ ನೀರು ಬಿಟ್ಟು ಹತ್ತು ನಿಮಿಷ ಕಾಯಿರಿ. ಮೇಲೆ ಒದ್ದೆ ಹತ್ತಿ ಬಟ್ಟೆ ಹಾಸಿ ಬಿಸಿ ಇಸ್ತ್ರಿ ಪೆಟ್ಟಿಗೆಯ ಮೂತಿ ಒತ್ತಿ. ಸುಯ್ ಎಂದು ಆವಿ ಏಳುತ್ತದೆ. ಐದಾರು ಸೆಕೆಂಡಿಗೆ ತೆಗೆಯಿರಿ, ಮತ್ತೆ ಒತ್ತಿ. ಮೂರನೇ ಸಲಕ್ಕೆ ಅದುಮಿದ ಎಳೆಗಳು ನೀರು ಕುಡಿದು ಎದ್ದು ಬಂದು ಗುಳಿ ಕಾಣದಾಯಿತು. ಒಣಗಿದ ಮೇಲೆ 150ರ ಪೇಪರ್‌ನಲ್ಲಿ ಎರಡು ಸಲ ಉಜ್ಜಿದರೆ ಮುಗಿಯಿತು. ಮೆತ್ತಗಿನ ಮರದ ಈ ಅನುಕೂಲ ತೇಗಕ್ಕೆ ಇಷ್ಟು ಸಲೀಸಾಗಿ ಸಿಗುವುದಿಲ್ಲ.

ಮರುದಿನ ಅಂಚುಪಟ್ಟಿ ಮತ್ತು ಪಾದಪಟ್ಟಿ ಅಂಟಿಸಿದ್ದು. ಪ್ಲೈಯನ್ನು ಈಗ ಅಳತೆ ನೋಡಿ ತೆಗೆದಿಡಿ, ಬಿಗಿಯುವುದು ಕೊನೆಗೆ.

ದಿನ 20 ರಿಂದ 22: ಗೆದ್ದಲಿಗೆ

ಪೈನ್‌ನಲ್ಲಿ ಗೆದ್ದಲನ್ನು ತಡೆಯುವ ಎಣ್ಣೆ ತೇಗದಲ್ಲಿರುವಂತೆ ಇಲ್ಲ. ರಬ್ಬರ್ ಮರಕ್ಕೆ ಹಿಡಿದು ಹಿಟ್ಟು ಉದುರಿಸುವ ಕುಟ್ಟೆ ಹುಳಕ್ಕೆ ಪೈನ್ ರುಚಿಸುವುದಿಲ್ಲ. ಅದು ಮೊಟ್ಟೆ ಇಡುವ ರಂಧ್ರಗಳು ಮೆದುಮರದಲ್ಲಿಲ್ಲ. ಗೆದ್ದಲಿಗೆ ಅಂಥ ತಕರಾರಿಲ್ಲ.

ಒಂದು ಲೀಟರ್ ಬಿಸಿನೀರಿಗೆ 60 ಗ್ರಾಂ ಬೊರಾಕ್ಸ್, 40 ಗ್ರಾಂ ಬೋರಿಕ್ ಆಸಿಡ್. ಎರಡೂ ಸೇರಿದರೆ ಒಂದೊಂದೇ ಕರಗುವುದಕ್ಕಿಂತ ಹೆಚ್ಚು ಕರಗುತ್ತವೆ. ಕೈಗವಸು ಹಾಕಿ ಒಳಗೂ ಹೊರಗೂ ಎರಡು ಸಲ ಬಳಿಯಿರಿ. ಪಕ್ಕದ ಹಲಗೆಯ ಕೆಳತುದಿಯನ್ನು ತಟ್ಟೆಯಲ್ಲಿ ಈ ದ್ರಾವಣ ಹಾಕಿ ನಾಲ್ಕು ಗಂಟೆ ನಿಲ್ಲಿಸಿದೆವು, ಗೆದ್ದಲು ಹತ್ತುವುದು ಅಲ್ಲಿಂದ, ಮರ ಹೆಚ್ಚು ಹೀರುವುದೂ ಅಲ್ಲಿಯೇ. ಮಕ್ಕಳಿಗೆ, ಸಾಕುಪ್ರಾಣಿಗಳಿಗೆ ಸಿಗದಂತೆ ಇಡಿ. ನೀರಿನಲ್ಲಿ ತೊಳೆದು ಹೋಗುವ ಮದ್ದಾದ್ದರಿಂದ ಮಳೆಗೆ ನಿಲ್ಲುವ ಸಾಮಾನಿಗೆ ಇದು ಆಗದು.

ಈ ಕೆಲಸವನ್ನು ಅಂಟಿಸುವ ಮೊದಲೇ ಮುಗಿಸೋಣ ಎಂದು ಅನಿಸುವುದು ಸಹಜ. ಹಾಗೆ ಮಾಡಬೇಡಿ. ಬೊರಾಕ್ಸ್ ಬಿಳಿ ಅಂಟಿನೊಂದಿಗೆ ಸೇರಿದರೆ ಅದನ್ನು ಲೋಳೆಯಂತೆ ಗಡ್ಡೆ ಕಟ್ಟಿಸುತ್ತದೆ. ಮಕ್ಕಳು ಆಟಕ್ಕೆ ಮಾಡುವ ಸ್ಲೈಮ್ ಇದೇ. ಅಂಟು ಮರದೊಳಗೆ ಇಳಿಯದೆ ಮೇಲೇ ಜೆಲ್ಲಿಯಾಗಿ ಕೂಡು ಬಿಟ್ಟುಕೊಳ್ಳುತ್ತದೆ.

ಎರಡು ದಿನ ಒಣಗಿದ ಮೇಲೆ ಬಿಳಿ ಹರಳು ಕಂಡರೆ ಒದ್ದೆ ಬಟ್ಟೆಯಲ್ಲಿ ಒರೆಸಿ. ನೀರು ತಾಗಿ ಎಳೆ ಎದ್ದಿರುತ್ತದೆ. ಪಾಲಿಷ್‌ಗೆ ಮುಂಚೆ ಹೇಗೂ ಮಾಡಬೇಕಾದ ಕೆಲಸ, ಇಲ್ಲಿಯೇ ಆಯಿತು. ಮಾಸ್ಕ್ ಹಾಕಿಕೊಂಡು 180ರ ಪೇಪರ್‌ನಲ್ಲಿ ಹಗುರವಾಗಿ ಉಜ್ಜಿ. ಪೇಪರನ್ನು ಬರಿಗೈಯಲ್ಲಿ ಹಿಡಿಯಬೇಡಿ, ಬೆರಳು ಮೆತ್ತಗಿನ ಪಟ್ಟಿಯನ್ನು ಹೆಚ್ಚು ಕೊರೆದು ಕಂದು ಗೆರೆಗಳನ್ನು ದಿಬ್ಬವಾಗಿ ಬಿಡುತ್ತದೆ. ಚಪ್ಪಟೆ ಮರದ ತುಂಡಿಗೆ ಸುತ್ತಿಯೇ ಉಜ್ಜಬೇಕು.

ದಿನ 23 ರಿಂದ 25: ಪಾಲಿಷ್

ತೇಗದ ಬಣ್ಣ ಬಳಿಯಬೇಡಿ. ಮೆತ್ತಗಿನ ಬಿಳಿ ಪಟ್ಟಿ ಬಣ್ಣವನ್ನು ಹೆಚ್ಚು ಕುಡಿಯುತ್ತದೆ, ಗಟ್ಟಿ ಕಂದು ಗೆರೆ ಕುಡಿಯುವುದಿಲ್ಲ. ಬಿಳಿ ಇದ್ದದ್ದು ಕಪ್ಪು, ಕಪ್ಪಿದ್ದದ್ದು ಬಿಳಿ, ಫೋಟೋದ ನೆಗೆಟಿವ್‌ನಂತೆ ಎಳೆ ತಿರುಗಾಮುರುಗಾ ಆಗುತ್ತದೆ. ಗಂಟಿನ ಸುತ್ತ, ಎಳೆ ಮೇಲೆದ್ದ ಕಡೆ ಮಚ್ಚೆ. ಬಣ್ಣ ಬೇಕೇ ಬೇಕೆಂದರೆ ಮರಕ್ಕೆ ಬಳಿಯದೆ ಮೇಲಿನ ಪಾಲಿಷ್‌ನೊಳಗೆ ಸ್ವಲ್ಪ ಬೆರೆಸಿ.

ಮೊದಲು ಅರಗು. ಮೇಣ ತೆಗೆದ ಶೆಲ್ಲಾಕ್ ಚಕ್ಕೆಯನ್ನೇ ಕೇಳಿ, ಮೇಣ ಇದ್ದರೆ ಮೇಲಿನ ಪಿಯು (ಪಾಲಿಯುರೆಥೇನ್ ಪಾಲಿಷ್) ಕಚ್ಚುವುದಿಲ್ಲ. ಲೀಟರ್ ಸ್ಪಿರಿಟ್‌ಗೆ 240 ಗ್ರಾಂ ಹಾಕಿ ರಾತ್ರಿಯಿಡೀ ಕರಗಿಸಿದ ಗಟ್ಟಿ ದ್ರಾವಣವನ್ನು ಗಂಟುಗಳಿಗೆ ಮತ್ತು ರಾಳದ ಗೆರೆಗಳಿಗೆ ಎರಡು ಸಲ. ರಾಳ ಜಿನುಗುವ ಒಂದು ಗೂಡು ಮೂರನೇ ಅಡ್ಡಹಲಗೆಯ ಅಡಿಯಲ್ಲಿ ಸಿಕ್ಕಿತು. ಉಳಿಯಿಂದ ಕೆರೆದು, ಟರ್ಪೆಂಟೈನ್‌ನಿಂದ ಒರೆಸಿ, ಒಣಗಿದ ಮೇಲೆ ಅರಗು ಹಚ್ಚಿದ್ದಕ್ಕೆ ನಿಂತಿತು. ಬಳಿಕ ಲೀಟರಿಗೆ 100 ಗ್ರಾಂ ಲೆಕ್ಕದ ತೆಳು ದ್ರಾವಣ ಇಡೀ ಕಪಾಟಿಗೆ ಒಂದು ಸಲ. ಸ್ಪಿರಿಟ್ ಇರುವ ಕೋಣೆಯಲ್ಲಿ ಒಲೆ, ದೀಪ, ಬೀಡಿ ಯಾವುದೂ ಇರಬಾರದು, ಕಿಟಕಿ ತೆರೆದಿರಲಿ.

ಮೇಲೆ ನೀರಿನಂಶದ ಪಿಯು ಮೂರು ಪದರ, ಎರಡು ಗಂಟೆಯ ಅಂತರ, ನಡುವೆ 320ರ ಪೇಪರ್. ಕೆಳತುದಿಗೆ ಐದು ಪದರ. ನೆಲ ಒರೆಸುವ ಒದ್ದೆ ಬಟ್ಟೆ ದಿನವೂ ತಾಗುವುದು ಅಲ್ಲಿಗೆ, ಪೈನ್ ಕಪಾಟು ಕೊಳೆಯತೊಡಗುವುದು ಬಹುತೇಕ ಅಲ್ಲಿಂದಲೇ. ತುದಿಗೆ 5 ಮಿ.ಮೀ. ನೈಲಾನ್ ಗುಂಡಿ ಹೊಡೆದು ಮರವನ್ನು ನೆಲದಿಂದ ಎತ್ತಿಡಿ.

ಬಿಸಿಲು ಬಿದ್ದಂತೆ ಪೈನ್ ಜೇನುಬಣ್ಣಕ್ಕೆ ತಿರುಗುತ್ತದೆ. ಮೊದಲ ಎರಡು ಮೂರು ತಿಂಗಳು ಅದರ ಮೇಲೆ ಕ್ಯಾಲೆಂಡರ್, ಬಟ್ಟೆ ಹಾಕಿಟ್ಟರೆ ಆ ಆಕಾರ ಬಿಳಿಚಿಕೊಂಡು ಉಳಿಯುತ್ತದೆ.

ದಿನ 27: ಬೆನ್ನು ಮತ್ತು ಗೋಡೆ

ಪ್ಲೈಗೆ 3.5 × 25 ಸ್ಕ್ರೂ, 150 ಮಿ.ಮೀ.ಗೆ ಒಂದು, ಪಕ್ಕದ ಹಲಗೆಗೂ ಐದೂ ಅಡ್ಡಹಲಗೆಯ ಹಿಂದಂಚಿಗೂ. 2 ಮಿ.ಮೀ. ತೂತು ಕೊರೆದೇ ಬಿಗಿಯಿರಿ, ಡ್ರಿಲ್‌ನ ಕ್ಲಚ್ ಕಡಿಮೆ ಇರಲಿ. ತಲೆ ಕೂತ ಮೇಲೆ ಅರ್ಧ ಸುತ್ತು ಹೆಚ್ಚಾದರೂ ಪೈನ್‌ನಲ್ಲಿ ಮರೆ (ಸ್ಕ್ರೂ ಕೊರೆದ ಸುತ್ತುಗೆರೆ) ಕಿತ್ತು ಸ್ಕ್ರೂ ಗಿರಗಿರ ತಿರುಗುತ್ತದೆ. ಹಾಗಾದ ತೂತಿಗೆ ಅಂಟು ಹಚ್ಚಿದ ಬಿದಿರಿನ ಕಡ್ಡಿ ತುರುಕಿ, ಒಣಗಿದ ಮೇಲೆ ಮತ್ತೆ ಕೊರೆಯಿರಿ.

ಕಪಾಟಿನ ತೂಕ ಪ್ಲೈ ಸೇರಿ 23 ಕೆ.ಜಿ. ಆಸುಪಾಸು. ಪುಸ್ತಕ ತುಂಬಿದರೆ ನೂರು ದಾಟುತ್ತದೆ, ಆಳ ಮಾತ್ರ 240. ಮಗು ಹತ್ತಿದರೆ ಮುಂದಕ್ಕೆ ಮಗುಚುತ್ತದೆ. ಮೇಲಿನ ಅಡ್ಡಹಲಗೆಗೆ ಎರಡು ಎಲ್ ಕ್ಲಾಂಪ್ (ಎಲ್ ಆಕಾರದ ಲೋಹದ ಪಟ್ಟಿ), ಗೋಡೆಗೆ 8 ಮಿ.ಮೀ. ಪ್ಲಗ್. ಇದನ್ನು ಬಿಡುವಂತಿಲ್ಲ. ಗೋಡೆಗೂ ಪ್ಲೈಗೂ ನಡುವೆ ಒಂದು ಇಂಚು ಬಿಟ್ಟದ್ದು ಗಾಳಿಯಾಡಲು ಮತ್ತು ಟಾರ್ಚ್ ಹಿಡಿದು ಗೆದ್ದಲ ಮಣ್ಣಿನ ಗೆರೆ ನೋಡಲು.

ಪುಸ್ತಕ ತುಂಬಿದ ದಿನ ನಡುವಿನ ಅಡ್ಡಹಲಗೆಯ ಕೆಳಗೆ ದಾರ ಎಳೆದು ಅಳೆದಾಗ ಬಾಗು 1 ಮಿ.ಮೀ. ಒಳಗಿತ್ತು. ಅಳತೆಯನ್ನು ತಾರೀಖಿನೊಂದಿಗೆ ಪ್ಲೈ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿದೆ. ಮುಂದಿನ ಅಳತೆ ಮಳೆಗಾಲ ಮುಗಿದ ಮೇಲೆ, ಎಲ್ ಕ್ಲಾಂಪಿನ ಸ್ಕ್ರೂಗಳನ್ನೂ ಅದೇ ದಿನ ಒಮ್ಮೆ ಬಿಗಿದು ನೋಡುವುದು.